ಮೂತ್ರದ ಕಲ್ಚರ್ ರಿಪೋರ್ಟ್ ಕ್ಲೀನ್, ಬ್ಯಾಕ್ಟೀರಿಯಾ ಬೆಳೆದಿಲ್ಲ, ಮೂತ್ರಕೋಶದ ನೋವು ಮಾತ್ರ ಹಾಗೇ ಇದೆ. ಯಾಕೆ?

[ಪರದೆ: ಯೂರಿನ್ ಕಲ್ಚರ್ ರಿಪೋರ್ಟ್, ‘ನೋ ಗ್ರೋತ್’]

ಮೂತ್ರಕೋಶ ತುಂಬುತ್ತಾ ಬಂದಂತೆ ಕಿಬ್ಬೊಟ್ಟೆಯಲ್ಲಿ ನೋವು, ಹೋಗಿ ಬಂದರೆ ಸ್ವಲ್ಪ ಹಗುರ, ಮತ್ತೆ ಶುರು. ಆರು ವಾರ ದಾಟಿದರೂ ಸೋಂಕಾಗಲಿ ಬೇರೆ ಕಾರಣವಾಗಲಿ ಸಿಗದಿದ್ದರೆ ವೈದ್ಯರು ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಎಂದು ಯೋಚಿಸುತ್ತಾರೆ. ಇನ್ನೊಂದು ಆ್ಯಂಟಿಬಯೋಟಿಕ್ ಕೋರ್ಸ್ ತಗೊಂಡು ಉಪಯೋಗವಿಲ್ಲರಿ, ಕೊಲ್ಲಲು ಅಲ್ಲಿ ಬ್ಯಾಕ್ಟೀರಿಯಾನೇ ಇಲ್ಲ.

[ಆ್ಯನಿಮೇಶನ್: ಮೂತ್ರಕೋಶದ ಒಳಪದರ]

ಒಳಪದರದ ಮೇಲ್ಭಾಗದಲ್ಲಿ ಅಂಬ್ರೆಲಾ ಸೆಲ್ ಎಂಬ ಅಗಲ ಜೀವಕೋಶಗಳು, ಅವುಗಳ ಮೇಲೆ ಲೋಳೆಯಂಥ ಗ್ಯಾಗ್ ಪದರ. ಹಲವು ರೋಗಿಗಳಲ್ಲಿ ಇವೆರಡೂ ಕೆಟ್ಟು, ಮಣ್ಣಿನ ಮಾಳಿಗೆ ಸೋರಿದಂತೆ ಮೂತ್ರದ ಅಂಶ ಒಳಕ್ಕಿಳಿಯುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಲೀಟರಿಗೆ 3.5ರಿಂದ 5 ಮಿಲಿಮೋಲ್, ಮೂತ್ರದಲ್ಲಿ ಅದರ ಹಲವು ಪಟ್ಟು. ಅದು ನರದ ತುದಿಗೆ ತಾಗಿದರೆ ನರ ಕೆರಳುತ್ತದೆ.

ಮೂತ್ರಕೋಶ ಹಿಗ್ಗಿದಾಗ ಒಳಪದರದ ಜೀವಕೋಶಗಳು ಎಟಿಪಿ ಎಂಬ ರಾಸಾಯನಿಕ ಬಿಡುತ್ತವೆ. ನರದ ಮೇಲಿನ ಪಿ2ಎಕ್ಸ್3 ಎಂಬ ಗ್ರಾಹಕ (ರಿಸೆಪ್ಟರ್) ಅದನ್ನು ಹಿಡಿಯುತ್ತದೆ. ಆರೋಗ್ಯವಂತರಿಗೆ ಅದು ‘ತುಂಬಿತು’ ಎಂಬ ಸುದ್ದಿ ಅಷ್ಟೇ. ಇವರಲ್ಲಿ ಎಟಿಪಿ ಹೆಚ್ಚು ಸುರಿದು, ಅರ್ಧ ತುಂಬುವಷ್ಟರಲ್ಲೇ ನೋವಾಗಿ ಕೇಳಿಸುತ್ತದೆ. ಇತ್ತ ಮಾಸ್ಟ್ ಸೆಲ್ ಎಂಬ ರಕ್ಷಣಾ ಜೀವಕೋಶ ಉರಿಯೂತ ತರುವ ಹಿಸ್ಟಮಿನ್ ಬಿಡುತ್ತದೆ, ನರ ಸಬ್‌ಸ್ಟೆನ್ಸ್ ಪಿ ಎಂಬ ರಾಸಾಯನಿಕ ಬಿಟ್ಟು ಅದೇ ಮಾಸ್ಟ್ ಸೆಲ್ಲನ್ನು ಮತ್ತೆ ಕೆಣಕುತ್ತದೆ. ಈ ಸುತ್ತು ತಿಂಗಳುಗಟ್ಟಲೆ ನಡೆದರೆ ಬೆನ್ನುಹುರಿಯೇ ಸೂಕ್ಷ್ಮವಾಗುತ್ತದೆ. ಒಳಪದರ ಸುಧಾರಿಸಿದರೂ ನೋವು ಉಳಿಯುವುದು ಅದಕ್ಕೇ.

[ದೃಶ್ಯ: ಬಿಸಿಲು, ನೀರಿನ ತಂಬಿಗೆ]

ವಿಜಯಪುರ, ಬಾಗಲಕೋಟೆಯ ಏಪ್ರಿಲ್–ಮೇ ಬಿಸಿಲಲ್ಲಿ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಪದೇಪದೇ ಹೋಗಬೇಕಾಗುತ್ತದೆಂದು ನೀರೇ ಕುಡಿಯುವುದಿಲ್ಲ. ಮೂತ್ರ ಗಟ್ಟಿಯಾಗಿ ಪೊಟ್ಯಾಸಿಯಂ ಸಾಂದ್ರತೆ ಏರುತ್ತದೆ, ಉರಿಯೂ ಏರುತ್ತದೆ. ಒಮ್ಮೆಲೇ ಚೊಂಬುಗಟ್ಟಲೆ ಬೇಡ. ಮೂತ್ರ ತಿಳಿಹಳದಿ ಇರುವಷ್ಟು ನೀರನ್ನು ಗುಟುಕು ಗುಟುಕಾಗಿ ಕುಡೀರಿ.

ಉರಿಮೂತ್ರ ಅಂದ ಕೂಡಲೇ ಇಂಡಿ ಲಿಂಬೆಯ ಶರಬತ್ತು ಕೈಗೆ ಬರುತ್ತದೆ. ಈ ಕಾಯಿಲೆಯಲ್ಲಿ ಬಹಳ ಜನರಿಗೆ ಹುಳಿ ಹಣ್ಣೇ ನೋವು ಏರಿಸುತ್ತದೆ. ಚಹಾ, ಕಾಫಿ, ಕೆಂಪು ಮೆಣಸಿನಕಾಯಿ ಚಟ್ನಿಯಾದ ರಂಜಕವೂ ಹಾಗೇ, ಆದರೆ ಎಲ್ಲರಿಗೂ ಅಲ್ಲ. ಮೂರ್ನಾಲ್ಕು ವಾರ ಇವಿಷ್ಟನ್ನು ಬಿಟ್ಟು, ಆಮೇಲೆ ಒಂದೊಂದನ್ನೇ ಮೂರು ದಿನದ ಅಂತರದಲ್ಲಿ ಸೇರಿಸಿ. ಮೂತ್ರಕ್ಕೆ ಹೋದ ಹೊತ್ತು, ಎಷ್ಟು ಮಿಲಿಲೀಟರ್, ನೋವು 0ರಿಂದ 10ರಲ್ಲಿ ಎಷ್ಟು, ಎಲ್ಲಾ ಡೈರಿಯಲ್ಲಿ ಬರೆದಿಡ್ರಿ. ರೊಟ್ಟಿ ಬಿಡೋದು ಬೇಡ.

ಕಟಿತಳದ ಸ್ನಾಯುವನ್ನು ಬಿಗಿಹಿಡಿಯುವ ಕೆಗಲ್ ವ್ಯಾಯಾಮ ಮಾತ್ರ ಮಾಡಬೇಡ್ರಿ. ಇವರಲ್ಲಿ ಅನೇಕರ ಈ ಸ್ನಾಯು, ಮೂತ್ರಕೋಶಕ್ಕೆ ಕೆಳಗಿನಿಂದ ಆಸರೆಯಾದದ್ದು, ಮೊದಲೇ ಬಿಗಿದಿರುತ್ತದೆ, ಅದನ್ನು ಸಡಿಲಿಸುವ ಫಿಸಿಯೋಥೆರಪಿ ಬೇಕು.

ರಾತ್ರಿ ಅಮಿಟ್ರಿಪ್ಟಿಲಿನ್ ಎಂಬ ಮಾತ್ರೆಯನ್ನು 10 ಮಿಲಿಗ್ರಾಂನಿಂದ ಆರಂಭಿಸುವುದು ರೂಢಿ. ಕೆರಳಿದ ನರವನ್ನು ತಣಿಸಲು ಅದು, ವೈದ್ಯರು ಬರೆದುಕೊಟ್ಟರಷ್ಟೇ. ಮೂತ್ರಕೋಶದೊಳಗೆ ಕ್ಯಾಮೆರಾ ಹಾಕಿ ನೋಡುವ ಸಿಸ್ಟೋಸ್ಕೋಪಿಯಲ್ಲಿ ಒಳಪದರದ ಮೇಲೆ ಹನ್ನರ್ ಹುಣ್ಣು ಕಂಡರೆ ಅದನ್ನು ಸುಟ್ಟರೆ ಒಳ್ಳೆಯ ಆರಾಮ ಸಿಗುತ್ತದೆ. ಮೂತ್ರದಲ್ಲಿ ರಕ್ತ ಕಂಡರೆ ಡೈರಿ ತುಂಬುವವರೆಗೆ ಕಾಯದೆ ಯೂರಾಲಜಿಸ್ಟ್ ಹತ್ತಿರ ಹೋಗ್ರಿ.