ಎರಡು ದಿನದ ಸಾಫ್ಟ್ ಸ್ಕಿಲ್ಸ್ ತರಬೇತಿ ಯಾಕೆ ನಾಟುವುದಿಲ್ಲ? ಉತ್ತರ ಬಿ.ಎಡ್. ಕಾಲೇಜಿನಲ್ಲಿದೆ

[ತೆರೆ: ತುಂಬಿದ ಸೆಮಿನಾರ್ ಹಾಲ್, ವೇದಿಕೆಯಲ್ಲಿ ಒಬ್ಬ ತರಬೇತುದಾರ]

ಕಾರ್ಯಾಗಾರ ಮುಗಿಸಿ ಸರ್ಟಿಫಿಕೇಟ್ ತಗೊಂಡ ವಿದ್ಯಾರ್ಥಿ, ಮುಂದಿನ ವಾರ ಕ್ಯಾಂಪಸ್ ಸಂದರ್ಶನದಲ್ಲಿ ಮತ್ತೆ ತಡವರಿಸ್ತಾನೆ. ಯಾಕೆ? ಲೆಕ್ಕ ಹಾಕೋಣ. ದಿನಕ್ಕೆ 6 ಗಂಟೆ, ಎರಡು ದಿನ: 720 ನಿಮಿಷ. ಹಾಲ್‌ನಲ್ಲಿ 120 ಜನ. ತರಬೇತುದಾರರು ಬಾಯೇ ತೆರೆಯದಿದ್ದರೂ ಒಬ್ಬೊಬ್ಬರಿಗೆ ಮಾತಾಡೋಕೆ ಸಿಗೋದು 6 ನಿಮಿಷ.

ಸಾಫ್ಟ್ ಸ್ಕಿಲ್ಸ್ ಅಂದರೆ ಮಾತು, ಕೇಳುವಿಕೆ, ತಂಡದ ಕೆಲಸ, ಸಮಯಪಾಲನೆಯಂಥ ಕೌಶಲಗಳು. ಇವು ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಕಲಿಸೋದು ಹೇಗೆ ಅನ್ನೋದೇ ಪ್ರಶ್ನೆ.

[ತೆರೆ: 6 + 6 + 12 + 6 + 6 = 36]

ಬಿ.ಎಡ್. ಓದಿದವರಿಗೆ ಈ ಸಂಖ್ಯೆಗಳು ತಟ್ಟನೆ ಗುರುತು ಸಿಗುತ್ತವೆ. ಇದು ಮೈಕ್ರೋ ಟೀಚಿಂಗ್, ಶಿಕ್ಷಕರಾಗುವವರು ಪುಟ್ಟ ಪುಟ್ಟ ಪಾಠ ಮಾಡಿ ಕಲಿಸೋದನ್ನ ಅಭ್ಯಾಸ ಮಾಡೋ ವಿಧಾನ. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು ಶುರು ಮಾಡಿದ್ದು. ನಮ್ಮ ಎನ್‌ಸಿಇಆರ್‌ಟಿ (ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತು) ಅದಕ್ಕೆ ಭಾರತೀಯ ಮಾದರಿ ಕೊಟ್ಟಿತು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಒಂದು ಸಲಕ್ಕೆ ಒಂದೇ ಕೌಶಲ.

ಆ 12 ನೋಡಿ. ಐದು ಹಂತಗಳಲ್ಲಿ ಅತಿ ಉದ್ದದ ಹಂತ ಇರೋದು ಮಾತಿಗಲ್ಲ, ತಪ್ಪು ಗೊತ್ತಾದ ಮೇಲೆ ಕೂತು ಸರಿಪಡಿಸಿಕೊಳ್ಳೋದಕ್ಕೆ. ಅದರ ಬೆನ್ನಿಗೇ, ಅದೇ ದಿನ, ಎರಡನೇ ಅವಕಾಶ. ನಮ್ಮ ಅಣಕು ಸಂದರ್ಶನಗಳಲ್ಲಿ (ಮಾಕ್ ಇಂಟರ್ವ್ಯೂ) ಇಲ್ಲದಿರೋದು ಇದೇ: ತಪ್ಪು ಹೇಳಿ "ನೆಕ್ಸ್ಟ್" ಅಂತ ಕರೀತಾರೆ. ಉತ್ತರ ಕೊಟ್ಟವರಿಗೆ ಉಳಿಯೋದು ಅವಮಾನ ಮಾತ್ರ.

ಈಗ ಇದನ್ನ ಡಿಗ್ರಿ ತರಗತಿಗೆ ಇಳಿಸೋಣ. ಐದು ಜನರ ಗುಂಪು. "ನಿಮ್ಮ ಪ್ರಾಜೆಕ್ಟ್ ಬಗ್ಗೆ ಹೇಳಿ" ಅನ್ನೋ ಪ್ರಶ್ನೆಗೆ ತಲಾ 90 ಸೆಕೆಂಡ್ ಉತ್ತರ, ಫೋನಲ್ಲಿ ರೆಕಾರ್ಡ್. 2 ನಿಮಿಷ ಹಿಮ್ಮಾಹಿತಿ. ಎಲ್ಲರದ್ದೂ ಮುಗಿದಾಗ ಹದಿನೇಳೂವರೆ ನಿಮಿಷ. ಆಮೇಲೆ 12 ನಿಮಿಷ ಎಲ್ಲರೂ ಒಟ್ಟಿಗೆ ತಿದ್ದಿಕೊಳ್ಳೋದು. ಮತ್ತೆ ತಲಾ 90 ಸೆಕೆಂಡ್, ಒಂದು ನಿಮಿಷ ಹಿಮ್ಮಾಹಿತಿ. ಒಟ್ಟು 42 ನಿಮಿಷ, ಒಂದು ಪೀರಿಯಡ್‌ನಲ್ಲಿ ಮುಗಿಯುತ್ತೆ. 60 ಜನರ ತರಗತಿಯಲ್ಲಿ ಹನ್ನೆರಡು ಗುಂಪು. ಒಂದೇ ಕೋಣೆಯಾದರೆ ಸದ್ದಿಗೆ ರೆಕಾರ್ಡಿಂಗ್ ಕೆಡುತ್ತೆ, ಅರ್ಧ ಗುಂಪುಗಳನ್ನ ಕಾರಿಡಾರಿಗೆ ಕಳಿಸಿ.

ಕೆಡೋದು ಹೆಚ್ಚಾಗಿ ಹಿಮ್ಮಾಹಿತಿಯಲ್ಲಿ. "ಕಾನ್ಫಿಡೆನ್ಸ್ ಸಾಲದು" ಅಂದರೆ ಆ 12 ನಿಮಿಷದಲ್ಲಿ ಏನು ತಿದ್ದಬೇಕು? "ಮೊದಲ 40 ಸೆಕೆಂಡ್ ಊರು, ಮನೆಯವರ ವಿವರದಲ್ಲೇ ಹೋಯ್ತು, ನೀನೇ ಮಾಡಿದ ಕೆಲಸ ಯಾವುದು ಅಂತ ಕೊನೆವರೆಗೂ ಬರಲಿಲ್ಲ" ಅನ್ನಿ, ತಕ್ಷಣ ತಿದ್ದಬಹುದು. ಕಂಡದ್ದು, ಕೇಳಿದ್ದು, ಎಣಿಸಿದ್ದು ಮಾತ್ರ ಹೇಳಬೇಕು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸುತ್ತು ಕನ್ನಡದಲ್ಲೇ ಇರಲಿ. ಏನು ಹೇಳಬೇಕು, ಇಂಗ್ಲಿಷಲ್ಲಿ ಹೇಗೆ ಹೇಳಬೇಕು ಎರಡನ್ನೂ ಒಟ್ಟಿಗೆ ಹೊತ್ತಾಗಲೇ ಬಾಯಿಪಾಠದ "ಮೈಸೆಲ್ಫ್..." ಹೊರಗೆ ಬರೋದು. ವಿಷಯ ಕನ್ನಡದಲ್ಲಿ ಕೂತ ಮೇಲೆ, ಮರುಯೋಜನೆಯ ಹೊತ್ತಿನಲ್ಲಿ ಆರೇಳು ಇಂಗ್ಲಿಷ್ ವಾಕ್ಯ ಬರೆದು, ಎರಡನೇ ಸುತ್ತು ಇಂಗ್ಲಿಷಲ್ಲಿ. ಭಾಷೆ ಬಾರದವನಿಗೆ ಬುದ್ಧಿಯೇ ಇಲ್ಲ ಅನ್ನೋ ಹಾಗೆ ನಡೆಸಿಕೊಳ್ಳೋದು ಅನ್ಯಾಯ. ಅದು ಸಾಫ್ಟ್ ಸ್ಕಿಲ್ಸ್ ತರಗತಿಯಲ್ಲೇ ನಡೀಬಾರದು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ. ಗುಂಪು ಚರ್ಚೆಗೂ ಇದೇ ಚಕ್ರ, ಕೌಶಲ ಒಂದೇ: ಹಿಂದಿನವರ ಮಾತನ್ನ ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ತನ್ನದು. ಕೆಲಸಕ್ಕೆ ಅರ್ಜಿ ಹಾಕೋ ಇಮೇಲ್‌ಗೆ ವಿಷಯದ ಸಾಲು, ನಾಲ್ಕು ವಾಕ್ಯ, ತಮ್ಮ ಹೆಸರಿಟ್ಟ ರೆಸ್ಯೂಮೆ ಫೈಲ್. ಕಳಿಸೋ ಮೊದಲು ಪಕ್ಕದವರು ಓದಲಿ. ಇನ್ನು ಆ ರೆಕಾರ್ಡಿಂಗ್: ಅದು ಮಾತಾಡಿದವರ ಫೋನಲ್ಲೇ ಉಳಿಯಬೇಕು. ಒಂದು ಕ್ಲಿಪ್ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹೋದರೂ ಮುಂದಿನ ವಾರ ಯಾರೂ ಬಾಯಿ ಬಿಡಲ್ಲ.