ದುಡ್ಡು ಕೊಡ್ರಿ ಸಾಹುಕಾರ್ರೆ, ಕಟ್ಟಡ ಕಟ್ಟಿಸಬೇಡ್ರಿ

ನಮಸ್ಕಾರ ರೀ. ದಾವಣಗೆರೆಯಲ್ಲಿ ಮಳೆಗೆ ಬರ ಬಂದಿರಬಹುದು, ದಾನಿಗಳಿಗೆ ಬರ ಬಂದಿಲ್ಲ. ಛತ್ರಕ್ಕೆ ಹೋದ್ರೆ ರಾಜನಹಳ್ಳಿ ಮನೆತನದ ಹೆಸರು, ಜಿಲ್ಲಾ ಆಸ್ಪತ್ರೆಗೆ ಹೋದ್ರೆ ಚಿಗಟೇರಿ. 1965ರಲ್ಲೇ ಇಲ್ಲಿ ಮೆಡಿಕಲ್ ಕಾಲೇಜು ಶುರುವಾಯ್ತು, ಅದೂ ಖಾಸಗಿ ಸಂಸ್ಥೆಯಿಂದ. ಇಷ್ಟು ಕೊಟ್ಟ ಊರಲ್ಲಿ ಈಗ ಒಂದು ಕೋರಿಕೆ ಇಡ್ತೀನಿ. ತೋಳಹುಣಸೆಯ ನಮ್ಮ ವಿಶ್ವವಿದ್ಯಾಲಯಕ್ಕೆ ಒಂದು ಪಬ್ಲಿಕ್ ಹೆಲ್ತ್ ಸ್ಕೂಲ್, ಅಂದ್ರೆ ಒಬ್ಬೊಬ್ಬ ರೋಗಿಯದಲ್ಲ, ಇಡೀ ಊರಿನ ಆರೋಗ್ಯ ನೋಡೋದನ್ನ ಕಲಿಸೋ ಶಾಲೆ ಮಾಡೋಕೆ ಯಾರಾದ್ರೂ ಕೈ ಬಿಚ್ಚಿ ಕೊಡಬೇಕು.

ಹೊಸ ಐಡಿಯಾ ಏನಲ್ಲ ಇದು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಇಂಥ ಶಾಲೆ ಹುಟ್ಟಿದ್ದು ರಾಕ್‌ಫೆಲರ್ ಫೌಂಡೇಶನ್ ದುಡ್ಡಲ್ಲಿ. ಎಣ್ಣೆ ವ್ಯಾಪಾರದ ದುಡ್ಡು ಅದು. 1932ರಲ್ಲಿ ಕಲ್ಕತ್ತಾದ ಸಾರ್ವಜನಿಕ ಆರೋಗ್ಯ ಸಂಸ್ಥೆಗೂ ಅದೇ ಫೌಂಡೇಶನ್ ನೆರವು ಕೊಡ್ತು. ಹತ್ತಿರದ ಕಾಲಕ್ಕೆ ಬಂದ್ರೆ, 2014ರಲ್ಲಿ ಹಾಂಗ್‌ಕಾಂಗ್‌ನ ಚಾನ್ ಕುಟುಂಬ ಹಾರ್ವರ್ಡ್‌ನ ಶಾಲೆಗೆ 35 ಕೋಟಿ ಡಾಲರ್ ಕೊಡ್ತು. ಆಗಿನ ಲೆಕ್ಕದಲ್ಲಿ 2,000 ಕೋಟಿ ರೂಪಾಯಿಗೂ ಜಾಸ್ತಿ. ಶಾಲೆಗೆ ಅಪ್ಪನ ಹೆಸರು ಬಂತು. ಬರಲಿ ಬಿಡ್ರಿ, ನಾವೂ ಅಪ್ಪ-ಅಮ್ಮನ ಹೆಸರಲ್ಲೇ ಕೊಡೋದು. ಆದ್ರೆ ಅವರ ದುಡ್ಡು ದತ್ತಿನಿಧಿಗೆ ಹೋಯ್ತು. ಗಂಟು ಹಾಗೇ ಇರುತ್ತೆ, ಅದರಿಂದ ಬರೋ ಆದಾಯದಲ್ಲಿ ವರ್ಷವರ್ಷ ಕೆಲಸ ನಡೀತದೆ. ನಮ್ಮಲ್ಲಿ ದುಡ್ಡೆಲ್ಲ ಗ್ರಾನೈಟಿಗೆ ಹೋಗುತ್ತೆ. ಮಂತ್ರಿಗಳು ಬಂದು ಟೇಪು ಕತ್ತರಿಸಿ ಹೋದ ಮೇಲೆ ಒಳಗೆ ಕೆಲಸ ಮಾಡೋರಿಗೆ ಸಂಬಳ ಇಲ್ಲ.

ಶಾಲೆಗೆ ಇಲ್ಲಿ ಕೆಲಸ ಏನು ಅಂತೀರಾ? ಜಗಳೂರು ಕಡೆ ಒಂದ್ಸಲ ಹೋಗಿ ಬನ್ನಿ. ಹುಡುಗರು ನಕ್ಕಾಗ ಹಲ್ಲು ನೋಡ್ರಿ, ಹಳದಿ-ಕಂದು ಗೆರೆ. ಎಷ್ಟು ಉಜ್ಜಿದ್ರೂ ಹೋಗಲ್ಲ, ಯಾಕಂದ್ರೆ ಅದು ಮೇಲಿನ ಕೊಳೆ ಅಲ್ಲ, ಹಲ್ಲು ಬೆಳೆಯೋ ವಯಸ್ಸಲ್ಲೇ ಒಳಗೆ ಸೇರಿದ ಫ್ಲೋರೈಡು. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ಅದು ದಾಟಿದ ಬೋರಿನ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಸೊಂಟ ಬಗ್ಗಲ್ಲ, ಕುತ್ತಿಗೆ ತಿರುಗಲ್ಲ. ಚಳ್ಳಕೆರೆ, ಮೊಳಕಾಲ್ಮೂರಲ್ಲೂ ಇದೇ ಪಾಡು. ಅದಕ್ಕೇ ಶುದ್ಧ ನೀರಿನ ಘಟಕ ಇಟ್ಟಿದ್ದಾರೆ, ನಾಣ್ಯ ಹಾಕಿದ್ರೆ ಕ್ಯಾನು ತುಂಬುತ್ತೆ. ಒಳಗಿನ ಮೆಂಬ್ರೇನ್, ಅಂದ್ರೆ ನೀರು ಸೋಸೋ ಪೊರೆ ಸವೆದ್ರೆ ನೀರು ಬರೋದೇನೂ ನಿಲ್ಲಲ್ಲ, ಆದ್ರೆ ಫ್ಲೋರೈಡೂ ಜೊತೆಗೇ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಗೊತ್ತಾಗೋದು ಹೆಂಗೆ? ಇನ್ನು ಘಟಕ ಹೊರಗೆ ಬಿಡೋ ನೀರಲ್ಲಿ ಫ್ಲೋರೈಡು ಮೊದಲಿಗಿಂತ ಗಟ್ಟಿಯಾಗಿರುತ್ತೆ. ಅದು ಪಕ್ಕದ ಚರಂಡಿಗೆ ಬಿದ್ದು ಮತ್ತೆ ಅದೇ ನೆಲಕ್ಕೆ ಇಳಿಯುತ್ತೆ. ಈ ಸುತ್ತನ್ನ ಹಳ್ಳಿಹಳ್ಳಿಗೂ ಹೋಗಿ ವರ್ಷಕ್ಕೆರಡು ಸಲ ಅಳೆದು, ಲೆಕ್ಕ ಇಟ್ಟು, ಊರ ಮುಂದೆ ಓದಿ ಹೇಳೋ ಜನ ಬೇಕು. ಡಾಕ್ಟರ ಕೆಲಸ ಅಲ್ಲ ಇದು. ಡಾಕ್ಟರಿಗೆ ಕ್ಯೂ ಮುಗಿಸೋದ್ರಲ್ಲೇ ಸಂಜೆ ಆಗಿರುತ್ತೆ.

2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿಂದ ಜನ ಸತ್ರು. ಎಷ್ಟೋ ಮಂದಿ ಆಸ್ಪತ್ರೆ ಸೇರಿದ್ರು. ಆಮೇಲೆ ಎಲ್ಲರೂ ಬಂದ್ರು, ಕ್ಯಾಮೆರಾನೂ ಬಂತು.

ಈಗ ಕಹಿ ಮಾತು. ಈ ಶಾಲೆ ಸರಿಯಾಗಿ ಕೆಲಸ ಮಾಡಿದ್ರೆ ಒಂದಲ್ಲ ಒಂದು ದಿನ ದಾನಿಯ ಬಾಗಿಲಿಗೇ ಬರುತ್ತೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬಿಸಿ ಮರಳು ಕೆದಕ್ತಾ ನಿಂತೋರ ಎದೆ ಪರೀಕ್ಷೆ ಮಾಡುತ್ತೆ. ರೈಸ್‌ಮಿಲ್ಲಿನ ಧೂಳು ಅಳೆಯುತ್ತೆ. ಆ ಮಿಲ್ಲು ಯಾರದ್ದು? ಕೊಟ್ಟವರದ್ದೇ ಇರಬಹುದು, ಅವರ ಬೀಗರದ್ದಿರಬಹುದು. ಆಗ ಒಂದು ಫೋನ್ ಹೋಗುತ್ತೆ, ವರದಿ ಬೀರು ಸೇರುತ್ತೆ. ಬೇರೆ ಕಡೆಯ ಕಥೆ ಅಲ್ಲ ರೀ, ನಮ್ಮ ಕಡೆ ಫೋನಿಗೆ ಇರೋ ಶಕ್ತಿ ನಿಮಗೆ ನಾನು ಹೇಳಬೇಕಾ?

ಅದಕ್ಕೇ ನನ್ನ ಷರತ್ತು ಎರಡೇ. ದುಡ್ಡು ದತ್ತಿನಿಧಿಗೆ, ಅದರ ಆದಾಯ ಹುದ್ದೆಗಳಿಗೆ ಮತ್ತು ಲ್ಯಾಬಿಗೆ. ಪಾಠಕ್ಕೆ ಈಗಿರೋ ಕೊಠಡಿ ಸಾಕು. ಇನ್ನೊಂದು, ಯಾವ ವಿಷಯ ಅಧ್ಯಯನ ಮಾಡಬೇಕು, ಯಾವ ವರದಿ ಹೊರಗೆ ಬರಬೇಕು ಅನ್ನೋದ್ರಲ್ಲಿ ದಾನಿ ಕುಟುಂಬ ಬಾಯಿ ಹಾಕಂಗಿಲ್ಲ ಅಂತ ದತ್ತಿಪತ್ರದಲ್ಲೇ ಬರೆಸಿ, ದಾನಿಗಳೇ ಸಹಿ ಹಾಕಬೇಕು. ಬೋರ್ಡಿನ ಮೇಲೆ ಹೆಸರು ಬೇಕಾದಷ್ಟು ದೊಡ್ಡದಾಗಿ ಬರೆಸ್ಕೊಳ್ಳಿ, ನನ್ನದೇನೂ ತಕರಾರಿಲ್ಲ.