ಕುದುರೆ ಎಳೆದ ರೈಲಿನ ದಾರಿಯಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ.

ರೈಲು ಅಂದ ಕೂಡಲೇ ಕೂ ಅನ್ನುವ ಸದ್ದು ನೆನಪಾಗುತ್ತದೆ, ಅಲ್ವಾ? ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಒಂದು ರೈಲಿಗೆ ಮೊದಲು ಆ ಸದ್ದೇ ಇರಲಿಲ್ಲ. ಗೊರಸಿನ ಸದ್ದಿತ್ತು. ಕಡಲ ದಡದ ವಿಟ್ಬಿಯಿಂದ ಒಳನಾಡಿನ ಪಿಕರಿಂಗ್‌ವರೆಗೆ 1836ರಲ್ಲಿ ಹಳಿ ಹಾಕಿ ಮುಗಿಸಿದಾಗ ಗಾಡಿ ಎಳೆದದ್ದು ಕುದುರೆ. ದಾರಿ ರೂಪಿಸಿದವರು ಮಾತ್ರ ಉಗಿಬಂಡಿಗೆ ಹೆಸರಾದ ಜಾರ್ಜ್ ಸ್ಟೀಫನ್ಸನ್ನರೇ.

ಪಿಕರಿಂಗ್ ಸಂತೆಯ ಊರು. ಸೋಮವಾರ ಅಲ್ಲಿ ಸಂತೆ. ಒಂದು ಸುತ್ತು ಹಾಕಿ ನಾನು ಉಗಿಬಂಡಿ ಹತ್ತಿದೆ. ಗೋಥ್‌ಲ್ಯಾಂಡ್‌ನಲ್ಲಿ ಇಳಿದೆ. ಹ್ಯಾರಿ ಪಾಟರ್ ಸಿನಿಮಾದಲ್ಲಿ ಕಾಣಿಸಿಕೊಂಡ ನಿಲ್ದಾಣ ಅಂತ ಅಲ್ಲಿ ಫೋಟೋ ತೆಗೆಯುವವರೇ ಜಾಸ್ತಿ. ನನಗೆ ಬೇಕಾಗಿದ್ದದ್ದು ಊರಿನಾಚೆಯ ಒಂದು ಇಳಿಜಾರು.

ಹಳೆಯ ಹಳಿ ಇದ್ದದ್ದು ಅಲ್ಲೇ. ಹದಿನೈದು ಅಡಿ ಹೋದರೆ ಒಂದು ಅಡಿ ಏರು. ಕುದುರೆಗೆ ಅದು ಆಗದ ಕೆಲಸ. ಅದಕ್ಕೆ ಒಂದು ಹಗ್ಗ ಕಟ್ಟಿದರು. ಮೇಲೆ ನೀರು ತುಂಬಿದ ಬಂಡಿ, ಕೆಳಗೆ ಜನ ಕೂತ ಗಾಡಿ. ನೀರಿನ ಬಂಡಿ ಇಳಿಯುತ್ತಿದ್ದಂತೆ ಅದರ ಭಾರಕ್ಕೆ ಜನರ ಗಾಡಿ ಮೇಲೇರುತ್ತಿತ್ತು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ! ಮುಂದೆ ಉಗಿಯಂತ್ರ ಬಂತು, ಹಗ್ಗ ಮಾತ್ರ ಉಳಿಯಿತು. 1864ರಲ್ಲಿ ಆ ಹಗ್ಗ ಹರಿದು ಇಬ್ಬರು ತೀರಿಕೊಂಡರು. ಮರುವರ್ಷ ಬಳಸು ದಾರಿಯಲ್ಲಿ ಹೊಸ ಹಳಿ ಬಂತು. ಹಳೆಯದು ಈಗ ಕಾಲುದಾರಿ. ಇಳಿಯುವಾಗ ನನ್ನ ಮೊಣಕಾಲು ನಡುಗುತ್ತಿತ್ತು. ಇಲ್ಲಿ ಜನರನ್ನು ಕೂರಿಸಿ ಹಗ್ಗ ಬಿಟ್ಟವರ ಧೈರ್ಯ ಎಂಥದ್ದು!

ಕೆಳಗೆ ಬೆಕ್ ಹೋಲ್. ಕೆಲವೇ ಮನೆಗಳ ಹಳ್ಳಿ. ಅಲ್ಲಿನ ಬರ್ಚ್ ಹಾಲ್ ಇನ್ ಎಂಬ ಪಬ್ ಅನ್ನು ನಾನು ಮರೆಯಲಾರೆ. ಎರಡು ಪುಟ್ಟ ಕೋಣೆ, ನಡುವೆ ಮಿಠಾಯಿ ಅಂಗಡಿ. ಬಿಯರ್ ಕೊಡುವುದು ಕಿಂಡಿಯಿಂದ. ಪಬ್ ಅಂದರೆ ಗದ್ದಲ, ಮಬ್ಬು ದೀಪ ಅಂದುಕೊಂಡಿದ್ದೆ. ಇದು ನಮ್ಮ ಹಳ್ಳಿಕಟ್ಟೆಯ ಹಾಗೆ, ಸುಮ್ನೆ ಕೂತು ಮಾತಾಡುವ ಜಾಗ.

1965ರಲ್ಲಿ ಪಿಕರಿಂಗ್ ದಾರಿಗೆ ಬೀಗ ಬಿತ್ತು. ಅದನ್ನು ಪ್ರೀತಿಸಿದವರು ಬಿಡಲಿಲ್ಲ. 1973ರಲ್ಲಿ ಮತ್ತೆ ರೈಲು ಓಡಿಸಿದರು. ಇವತ್ತಿಗೂ ಟಿಕೆಟ್ ನೋಡುವುದರಿಂದ ಹಿಡಿದು ಇಂಜಿನ್ ಒರೆಸುವವರೆಗೆ ಸಂಬಳವಿಲ್ಲದೆ ದುಡಿಯುವವರು ಎಷ್ಟೊಂದು ಜನ! ನೋಡಿ ಮನಸ್ಸು ತುಂಬಿತು.

ಕಡಲ ಪಕ್ಕದ ದಾರಿಗೆ ಆ ಭಾಗ್ಯ ಸಿಗಲಿಲ್ಲ. ವಿಟ್ಬಿಯಿಂದ ಸ್ಕಾರ್ಬರೋಗೆ ಹೋಗುತ್ತಿದ್ದ ಆ ರೈಲೂ ನಿಂತದ್ದು 1965ರಲ್ಲೇ. ಹಳಿ ಕಿತ್ತರು. ನನಗೆ ಈಗಲೂ ಸಂಕಟವಾಗುತ್ತದೆ. ಬಂಡೆ ಕಡಿದಾಗಿ ಇಳಿಯುವ ಕಡೆ ಒಂದರ ಮೇಲೊಂದು ಮನೆ ಕಟ್ಟಿಕೊಂಡ ರಾಬಿನ್ ಹುಡ್ಸ್ ಬೇ ಎಂಬ ಮೀನುಗಾರರ ಊರಿಗೆ ರೈಲಿನಲ್ಲೇ ಬರಬಹುದಿತ್ತು. ಅದರ ನಿಲ್ದಾಣದ ಕಟ್ಟಡ ಇನ್ನೂ ಇದೆ. ಹಳಿ ಇದ್ದ ಕಡೆ ನಡೆಯುವ ದಾರಿಯಾಗಿದೆ. ಒಂದು ಸಂಜೆ ಅಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಸದ್ದು ಕೇಳಿ ಪಕ್ಕಕ್ಕೆ ಸರಿದೆ. ಕುದುರೆ ಸವಾರರಿಬ್ಬರು ಕೈ ಬೀಸಿ ಮುಂದೆ ಹೋದರು.